ವಿನಯವಿತ್ತು, ತಲೆಬಾಗುವಿಕೆ ಇರಲಿಲ್ಲ: ಈಶ್ವರಚಂದ್ರ ವಿದ್ಯಾಸಾಗರರು

ವಿದ್ಯಾರ್ಥಿಗೆ ವಿನಯವೇ ಭೂಷಣವೆಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಶಾಲೆಗೆ ಹೊತ್ತಿಗೆ ಸರಿಯಾಗಿ ಹೋಗಬೇಕು, ಗುರುಗಳು ಬಂದಾಗ ಎದ್ದು ನಿಲ್ಲಬೇಕು, ಸಹಪಾಠಿಗಳೊಡನೆ ಜಗಳವಾಡಬಾರದು ಎಂದು ಮನೆಯಲ್ಲಿಯೂ ಶಾಲೆಯಲ್ಲಿಯೂ ಹೇಳಿಕೊಡುತ್ತಾರೆ. ಆದರೆ ವಿನಯವೆಂದರೆ ಹಿರಿಯರು ಹೇಳಿದ್ದಕ್ಕೆಲ್ಲ ಹೂಂ ಎನ್ನುವುದೇ? ಗುರುವು ತಪ್ಪು ಮಾಡಿದಾಗ ಶಿಷ್ಯನಾದವನು ಏನು ಮಾಡಬೇಕು? ಗೌರವವು ಕಿರಿಯರಿಂದ ಹಿರಿಯರ ಕಡೆಗೆ ಮಾತ್ರ ಹರಿಯತಕ್ಕದ್ದೋ, ಹಿರಿಯರಿಂದ ಕಿರಿಯರ ಕಡೆಗೂ ಹರಿಯಬೇಕೋ? ಈ ಪ್ರಶ್ನೆಗಳನ್ನು ತಮ್ಮ ಬದುಕಿನಲ್ಲಿಯೇ ಎದುರಿಸಿ, ಬದುಕಿನಿಂದಲೇ ಉತ್ತರಿಸಿದ ಮಹನೀಯರು ವಂಗದೇಶದ ಪಂಡಿತ ಈಶ್ವರಚಂದ್ರ ವಿದ್ಯಾಸಾಗರರು.

ಅವರು ಜನಿಸಿದ್ದು 1820ರ ಸೆಪ್ಟೆಂಬರ್ 26ರಂದು, ಇಂದಿನ ಪಶ್ಚಿಮ ಮೇದಿನೀಪುರ ಜಿಲ್ಲೆಯಲ್ಲಿರುವ ಬೀರ್‌ಸಿಂಘ ಎಂಬ ಹಳ್ಳಿಯಲ್ಲಿ. ತಂದೆ ಠಾಕೂರ್‌ದಾಸ್ ಬಂದ್ಯೋಪಾಧ್ಯಾಯರು, ತಾಯಿ ಭಗವತೀದೇವಿ. ಬಡತನ ಆ ಮನೆಯ ಹಳೆಯ ನೆಂಟ. ತಂದೆಯವರು ಕಲ್ಕತ್ತಾದಲ್ಲಿ ತಿಂಗಳಿಗೆ ಹತ್ತು ರೂಪಾಯಿಯ ಆಸುಪಾಸಿನ ಸಂಬಳಕ್ಕೆ ದುಡಿಯುತ್ತಿದ್ದರು. ಮಗು ಹುಟ್ಟಿದ ದಿನ ಅಜ್ಜ ರಾಮಜಯ ತರ್ಕಭೂಷಣರು ಮನೆಗೆ ಬರುತ್ತಿದ್ದ ಮಗನನ್ನು ದಾರಿಯಲ್ಲಿ ಕಂಡು, ನಮ್ಮ ಮನೆಯಲ್ಲಿ ಒಂದು ಹೋರಿಗರು ಹುಟ್ಟಿದೆ ಎಂದು ಹೇಳಿದರಂತೆ. ಠಾಕೂರ್‌ದಾಸರು ನಂಬಿ ದನದ ಕೊಟ್ಟಿಗೆಯತ್ತ ನಡೆದರು. ಅಜ್ಜ ನಗುತ್ತ ಅವರನ್ನು ಬಾಣಂತಿಯ ಕೋಣೆಗೆ ಕರೆದೊಯ್ದು ಶಿಶುವನ್ನು ತೋರಿಸಿದರು. ಈ ಕೂಸು ಹೋರಿಯ ಹಾಗೆ ಹಟಮಾರಿಯಾಗುವುದೆಂಬುದು ಅವರ ಅಭಿಪ್ರಾಯವಾಗಿತ್ತು. ಆ ವಿನೋದ ಮುಂದೆ ನಿಜವೇ ಆಯಿತು.

ಬಾಲಕ ಈಶ್ವರನು ನಮ್ಮ ಪಠ್ಯಪುಸ್ತಕಗಳು ವರ್ಣಿಸುವ ಸಾಧು ಬಾಲಕನಾಗಿರಲಿಲ್ಲ. ಈ ಮಾತನ್ನು ಮುಚ್ಚಿಡುವ ಅಗತ್ಯವಿಲ್ಲ. ನೆರೆಯವರಿಗೆ ಕೀಟಲೆ ಕೊಡುತ್ತಿದ್ದನು. ಹೊಲದ ಬದುವಿನಲ್ಲಿ ಹೋಗುವಾಗ ಬೆಳೆದು ನಿಂತ ಜವೆಯ ತೆನೆಗಳನ್ನು ಕಿತ್ತು ಅಗಿಯುತ್ತಿದ್ದನು. ಒಮ್ಮೆ ತೆನೆಯ ಮುಳ್ಳು ಗಂಟಲಿಗೆ ಸಿಕ್ಕಿ ಪ್ರಾಣಕ್ಕೇ ಸಂಚಕಾರ ಬಂದಾಗ ಅಜ್ಜಿ ಬೆರಳು ಹಾಕಿ ತೆಗೆದು ಉಳಿಸಿದರು. ತಂದೆ ಸ್ನಾನ ಮಾಡೆಂದರೆ ಒಲ್ಲೆನೆನ್ನುವನು, ಇಂದು ಸ್ನಾನ ಬೇಡವೆಂದರೆ ಮಾಡಿಯೇ ತೀರುವನು. ಇದನ್ನರಿತ ತಂದೆ ಬೇಕಾದುದಕ್ಕೆ ವಿರುದ್ಧವಾದ ಅಪ್ಪಣೆ ಕೊಟ್ಟು ಕೆಲಸ ಸಾಧಿಸುತ್ತಿದ್ದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಇಂಥ ಮಕ್ಕಳು ಇಂದಿಗೂ ಪ್ರತಿಯೊಂದು ಶಾಲೆಯಲ್ಲಿ ಇಬ್ಬರೋ ಮೂವರೋ ಇರುತ್ತಾರೆ. ಅವರ ವಿಷಯದಲ್ಲಿ ಬೇಗನೆ ತೀರ್ಪು ಕೊಡದಿರುವುದು ಲೇಸು.

ಹಳ್ಳಿಯ ಪಾಠಶಾಲೆಯ ಗುರು ಕಾಳೀಕಾಂತ ಚಟ್ಟೋಪಾಧ್ಯಾಯರು ಹಾಗೆ ತೀರ್ಪು ಕೊಡಲಿಲ್ಲ. ಈ ತುಂಟನ ಬುದ್ಧಿಯ ಚುರುಕನ್ನು ಕಂಡು, ಇವನನ್ನು ಕಲ್ಕತ್ತಾಕ್ಕೆ ಕರೆದೊಯ್ದು ಒಳ್ಳೆಯ ವಿದ್ಯೆ ಕೊಡಿಸಬೇಕೆಂದು ತಂದೆಗೆ ಹೇಳಿದವರು ಅವರೇ. 1828ರ ಕೊನೆಯಲ್ಲಿ, ಎಂಟು ವರುಷದ ಬಾಲಕನು ತಂದೆಯೊಡನೆಯೂ ಗುರುವಿನೊಡನೆಯೂ ಕಾಲ್ನಡಿಗೆಯಲ್ಲಿ ಕಲ್ಕತ್ತಾಕ್ಕೆ ಹೊರಟನು. ದಾರಿಯ ಪಕ್ಕದಲ್ಲಿ ಮಸಾಲೆ ಅರೆಯುವ ಕಲ್ಲಿನಂಥದ್ದನ್ನು ಏಕೆ ನೆಟ್ಟಿದ್ದಾರೆಂದು ಅವನು ಕೇಳಿದನು. ಅದು ಮೈಲಿಗಲ್ಲು, ಕಲ್ಕತ್ತಾ ಇನ್ನೆಷ್ಟು ದೂರವೆಂಬುದನ್ನು ಇಂಗ್ಲಿಷ್ ಅಂಕಿಗಳಲ್ಲಿ ಕೆತ್ತಿದ್ದಾರೆ ಎಂದು ತಂದೆ ತಿಳಿಸಿದರು. ಬಾಲಕನು ಕಲ್ಲಿನಿಂದ ಕಲ್ಲಿಗೆ ನಡೆಯುತ್ತಲೇ ಆ ಅಂಕಿಗಳನ್ನೆಲ್ಲ ಕಲಿತುಬಿಟ್ಟನು. ನಿಜವಾಗಿ ಕಲಿತನೋ, ಒಂದರ ಹಿಂದೆ ಒಂದು ಬರುವ ಕ್ರಮವನ್ನು ಊಹಿಸಿ ಹೇಳುತ್ತಿರುವನೋ ಎಂದು ಪರೀಕ್ಷಿಸಲು ತಂದೆಯವರು ಆರನೆಯ ಕಲ್ಲು ಅವನ ಕಣ್ಣಿಗೆ ಬೀಳದಂತೆ ನೋಡಿಕೊಂಡು, ಐದನೆಯದನ್ನು ತೋರಿಸಿ ಇದೆಷ್ಟೆಂದು ಕೇಳಿದರು. ಇಲ್ಲಿ ಆರು ಇರಬೇಕಾಗಿತ್ತು, ಕೆತ್ತಿದವರು ತಪ್ಪಿ ಐದು ಎಂದು ಕೆತ್ತಿದ್ದಾರೆ ಎಂದು ಬಾಲಕ ಉತ್ತರಿಸಿದನು. ಗುರುವೂ ತಂದೆಯೂ ಸಂತೋಷದಿಂದ ಅವನನ್ನು ಹರಸಿದರು. ಕಲ್ಲಿನಲ್ಲಿ ಕೆತ್ತಿದ್ದಾದರೂ ತಪ್ಪೆಂದು ತೋರಿದರೆ ತಪ್ಪೆನ್ನಬೇಕು, ಹಾಗೆನ್ನುವಾಗ ಉದ್ಧಟತನವೂ ಕೂಡದು. ಈ ಗುಣ ಅವನಿಗೆ ಎಂಟನೆಯ ವಯಸ್ಸಿಗೇ ಬಂದಿತ್ತು.

ಕಲ್ಕತ್ತಾದ ಬಡಾಬಜಾರಿನಲ್ಲಿ ಸಿಂಹ ಎಂಬ ಮನೆತನದವರ ಆಶ್ರಯದಲ್ಲಿ ತಂದೆಮಕ್ಕಳು ಇದ್ದರು. ಆ ಮನೆಯ ಯಜಮಾನ ಜಗದ್ದುರ್ಲಭ ಸಿಂಹರ ತಂಗಿ ರಾಯ್‌ಮಣಿ ತಾಯಿಯಂತೆ ಬಾಲಕನನ್ನು ನೋಡಿಕೊಂಡಳು. ಆಕೆಯ ವಾತ್ಸಲ್ಯವನ್ನು ವಿದ್ಯಾಸಾಗರರು ಮುಪ್ಪಿನಲ್ಲಿ ಆತ್ಮಕಥೆ ಬರೆಯುವಾಗಲೂ ಮರೆಯಲಿಲ್ಲ. ತಾವು ಸ್ತ್ರೀಯರ ಪಕ್ಷಪಾತಿಯಾಗಲು ಇಂಥವರ ಸ್ನೇಹವೇ ಕಾರಣವೆಂದು ಅಲ್ಲಿ ಒಪ್ಪಿಕೊಂಡಿದ್ದಾರೆ. ತಂದೆಯ ಪ್ರೀತಿ ಬೇರೆ ಬಗೆಯದು. ದಿನವೆಲ್ಲ ದುಡಿದು ರಾತ್ರಿ ಬಂದು ಮಗನ ಪಾಠ ಒಪ್ಪಿಸಿಕೊಳ್ಳುವರು. ಹುಡುಗ ತೂಕಡಿಸಿದರೆ ಪೆಟ್ಟು. ಆ ಪೆಟ್ಟುಗಳ ಸದ್ದಿಗೆ ಸಿಂಹ ಮನೆತನದವರು ಓಡಿ ಬಂದು, ಮಗುವನ್ನು ಹೀಗೆ ಹೊಡೆಯುವುದಾದರೆ ಬೇರೆ ಮನೆ ನೋಡಿಕೊಳ್ಳಿರೆಂದು ಠಾಕೂರ್‌ದಾಸರಿಗೆ ಎಚ್ಚರಿಕೆ ಕೊಟ್ಟದ್ದುಂಟು. ಮುಂದೆ ಆ ಬಾಲಕನೇ ವಿದ್ಯಾಲಯದ ಅಧಿಪತಿಯಾದಾಗ ಮಾಡಿದ ಒಂದು ಕಟ್ಟಳೆಗೆ ಬೀಜ ಇಲ್ಲಿಯೇ ಬಿದ್ದಿರಬೇಕೆಂದು ನಮ್ಮ ಊಹೆ.

1829ರಲ್ಲಿ ಈಶ್ವರನು ಸಂಸ್ಕೃತ ಕಾಲೇಜನ್ನು ಸೇರಿದನು. ಹನ್ನೆರಡು ವರ್ಷಗಳ ವಿದ್ಯಾಭ್ಯಾಸವದು. ಕುಳ್ಳು ದೇಹ, ದೊಡ್ಡ ತಲೆ. ಕೊಡೆ ಹಿಡಿದು ಬೀದಿಯಲ್ಲಿ ಹೋಗುವಾಗ ಕೊಡೆಯೇ ನಡೆದು ಹೋಗುತ್ತಿರುವಂತೆ ಕಾಣುತ್ತಿತ್ತಂತೆ. ಸಹಪಾಠಿಗಳು ಅವನ ತಲೆಯನ್ನು ಒಂದು ಬಗೆಯ ಮೀನಿಗೆ ಹೋಲಿಸಿ ಗೇಲಿ ಮಾಡುತ್ತಿದ್ದರು. ಸಿಟ್ಟಿನಿಂದ ಮಾತನಾಡಹೋದರೆ ಮಾತು ತೊದಲಿ ಗೇಲಿ ಮತ್ತಷ್ಟು ಹೆಚ್ಚುತ್ತಿತ್ತು. ಮನೆಯಲ್ಲಿ ತಂದೆಗೂ ತಮ್ಮಂದಿರಿಗೂ ಅಡುಗೆ ಮಾಡುವುದು, ಪಾತ್ರೆ ತಿಕ್ಕುವುದು, ಸಂತೆಯಿಂದ ತರಕಾರಿ ತರುವುದು ಎಲ್ಲವೂ ಅವನ ಪಾಲಿನ ಕೆಲಸವಾಗಿತ್ತು. ಬೀದಿದೀಪದ ಬೆಳಕಿನಲ್ಲಿ ಓದಿದನೆಂಬ ಕಥೆ ನಮ್ಮ ನಾಡಿನ ಮಕ್ಕಳಿಗೂ ತಿಳಿದಿದೆ. ಆದರೆ ಒಲೆಯ ಮುಂದೆ ಕುಳಿತು ಬೇಳೆ ಬೇಯುವುದರೊಳಗೆ ವ್ಯಾಕರಣ ಮನನ ಮಾಡುವ ಹುಡುಗನು ಅದಕ್ಕಿಂತ ದೊಡ್ಡ ಚಿತ್ರವೆಂದು ನಮಗೆ ತೋರುತ್ತದೆ. ವರ್ಷವರ್ಷವೂ ಪಾರಿತೋಷಕಗಳು, ವಿದ್ಯಾರ್ಥಿವೇತನಗಳು ಬಂದವು. 1839ರಲ್ಲಿ ಹಿಂದೂ ಧರ್ಮಶಾಸ್ತ್ರದ ಪರೀಕ್ಷೆಯಲ್ಲಿ ತೇರ್ಗಡೆಯಾದಾಗ ಅವರ ಹೆಸರಿನ ಮುಂದೆ ವಿದ್ಯಾಸಾಗರ ಎಂಬ ಬಿರುದು ಕಾಣಿಸಿಕೊಂಡಿತು. ಮುಂದೆ ಜನರು ಮನೆತನದ ಹೆಸರನ್ನೇ ಮರೆತರು.

ಈ ಕಾಲದ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅವರಿಗೆ ವೇದಾಂತ ಕಲಿಸಿದ ಗುರುಗಳು ಶಂಭುಚಂದ್ರ ವಾಚಸ್ಪತಿಗಳು. ವಯೋವೃದ್ಧರು, ವಿಧುರರು. ಈಶ್ವರಚಂದ್ರರ ಮೇಲೆ ಅವರಿಗೆ ಪುತ್ರವಾತ್ಸಲ್ಯ. ಮುಪ್ಪಿನಲ್ಲಿ ನೋಡಿಕೊಳ್ಳುವವರಿಲ್ಲವೆಂದು ಅವರು ಮತ್ತೆ ಮದುವೆಯಾಗಲು ಮನಸ್ಸು ಮಾಡಿ, ಪ್ರಿಯಶಿಷ್ಯನ ಅಭಿಪ್ರಾಯವನ್ನು ಕೇಳಿದರು. ಶಿಷ್ಯನು ಮರೆಮಾಚದೆ ಉತ್ತರಿಸಿದನು. ಈ ವಯಸ್ಸಿನಲ್ಲಿ ತಾವು ಹುಡುಗಿಯೊಬ್ಬಳನ್ನು ಕೈಹಿಡಿದರೆ ಆಕೆ ಕೆಲವೇ ದಿನಗಳಲ್ಲಿ ವಿಧವೆಯಾಗಿ ಜೀವಮಾನವಿಡೀ ದುಃಖ ಪಡುವಳು, ಆದಕಾರಣ ಇದು ಕೂಡದು ಎಂದನು. ಗುರುಗಳು ಕೇಳಲಿಲ್ಲ, ಮದುವೆಯಾಗಿಯೇ ಬಿಟ್ಟರು. ಕೆಲವು ದಿನಗಳ ಮೇಲೆ, ಗುರುಪತ್ನಿಯನ್ನು ನೋಡಲು ಬರಲಿಲ್ಲವೇಕೆಂದು ಒತ್ತಾಯಮಾಡಿ ಮನೆಗೆ ಕರೆದೊಯ್ದರು. ಈಶ್ವರಚಂದ್ರರು ಆ ಬಾಲೆಗೆ ಗುರುಪತ್ನಿಗೆ ಸಲ್ಲುವ ರೀತಿಯಲ್ಲಿಯೇ ನಮಸ್ಕರಿಸಿ ಕಾಣಿಕೆಯಿಟ್ಟರು. ಆಕೆಯ ಮುಖ ಕಂಡಾಗ ದುಃಖ ತಡೆಯಲಾರದೆ ಅತ್ತುಬಿಟ್ಟರು. ಗುರುಗಳು ಸಮಾಧಾನ ಹೇಳಿ, ಶಾಸ್ತ್ರವಾಕ್ಯಗಳನ್ನು ಉದಾಹರಿಸಿ, ಉಪಾಹಾರ ಸ್ವೀಕರಿಸಲು ಹೇಳಿದರು. ಈ ಮನೆಯಲ್ಲಿ ಇನ್ನು ನೀರನ್ನೂ ಮುಟ್ಟುವುದಿಲ್ಲವೆಂದು ಹೇಳಿ ಶಿಷ್ಯನು ಹೊರಬಂದನು. ವಾಚಸ್ಪತಿಗಳು ಬಹುಕಾಲ ಬದುಕಲಿಲ್ಲ. ಆ ಬಾಲೆ ವಿಧವೆಯಾದಳು.

ಗುರುವಿನಲ್ಲಿ ಇಟ್ಟ ಗೌರವ ಇಲ್ಲಿ ಎಲ್ಲಿಯೂ ಕುಂದಲಿಲ್ಲವೆಂಬುದನ್ನು ಗಮನಿಸಬೇಕು. ಕಟುನುಡಿಯಿಲ್ಲ, ಬೆನ್ನ ಹಿಂದೆ ನಿಂದೆಯಿಲ್ಲ, ನಮಸ್ಕಾರ ತಪ್ಪಲಿಲ್ಲ. ಆದರೆ ಒಪ್ಪಿಗೆಯನ್ನು ಮಾತ್ರ ಕೊಡಲಿಲ್ಲ. ಒಂದು ಲೋಟ ನೀರನ್ನು ನಿರಾಕರಿಸಿದ್ದರಲ್ಲಿಯೇ ಹೇಳಬೇಕಾದುದೆಲ್ಲ ಅಡಗಿತ್ತು. ಇಂದಿನ ವಿದ್ಯಾರ್ಥಿಗಳಿಗೆ ಅಧ್ಯಾಪಕರ ಮೇಲಿನ ಅಸಮಾಧಾನವನ್ನು ಹೊರಹಾಕಲು ನೂರಾರು ದಾರಿಗಳುಂಟು, ಅವುಗಳಲ್ಲಿ ಹೆಚ್ಚಿನವು ಬೆನ್ನ ಹಿಂದಿನವು. ಎದುರಿಗೆ ನಿಂತು, ಕೈಮುಗಿದು, ಇದು ನನಗೆ ಸಮ್ಮತವಲ್ಲ ಎನ್ನುವುದು ಬಹಳ ಕಷ್ಟದ ಕೆಲಸ. ಇಪ್ಪತ್ತೊಂದು ತುಂಬುವುದರೊಳಗೆ ಅವರು ಅದನ್ನು ಮಾಡಿದ್ದರು. ಆ ಬಾಲೆಯ ಮುಖವನ್ನು ಅವರು ಜೀವನದುದ್ದಕ್ಕೂ ಮರೆಯಲಿಲ್ಲವೆಂದು ಹೇಳಬಹುದು. ಏಕೆಂದರೆ ವಿಧವಾವಿವಾಹಕ್ಕಾಗಿ ಅವರು ಮುಂದೆ ನಡೆಸಿದ ಹೋರಾಟ ಎಲ್ಲರಿಗೂ ತಿಳಿದದ್ದು. 1856ರ ಜುಲೈ ತಿಂಗಳಲ್ಲಿ ಕಾಯಿದೆಯಾಯಿತು. ಅದೇ ವರ್ಷದ ಡಿಸೆಂಬರ್ 7ರಂದು ಅದರಂತೆ ಮೊದಲ ವಿವಾಹ ಕಲ್ಕತ್ತಾದಲ್ಲಿ ನಡೆಯಿತು. ಇಂಥ ಮದುವೆಗಳಿಗೆ ಕೈಯಾರೆ ಖರ್ಚು ಮಾಡಿ ಅವರು ಸಾಲಗಾರರಾದರು. 1870ರಲ್ಲಿ ಅವರ ಏಕಮಾತ್ರ ಪುತ್ರನೂ ವಿಧವೆಯನ್ನು ಕೈಹಿಡಿದನು.

1841ರಲ್ಲಿ ವಿದ್ಯಾಭ್ಯಾಸ ಮುಗಿಸಿ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಐವತ್ತು ರೂಪಾಯಿ ಸಂಬಳದ ಪಂಡಿತರಾದರು. ಸಂಸ್ಕೃತ ಕಾಲೇಜಿನಲ್ಲಿ ತೊಂಬತ್ತು ರೂಪಾಯಿಯ ವ್ಯಾಕರಣ ಅಧ್ಯಾಪಕರ ಹುದ್ದೆ ತಮಗೇ ಒದಗಿ ಬಂದಾಗ, ತಮಗಿಂತ ತಾರಾನಾಥ ತರ್ಕವಾಚಸ್ಪತಿಗಳೇ ಅದಕ್ಕೆ ಅರ್ಹರೆಂದು ಹೇಳಿ, ಅವರ ಒಪ್ಪಿಗೆಯನ್ನೂ ಪ್ರಮಾಣಪತ್ರಗಳನ್ನೂ ತರಲು ಕಾಲ್ನಾ ಊರಿನವರೆಗೆ ನಡೆದೇ ಹೋದರು. 1846ರಲ್ಲಿ ತಾವು ಓದಿದ ಸಂಸ್ಕೃತ ಕಾಲೇಜಿಗೇ ಸಹಾಯಕ ಕಾರ್ಯದರ್ಶಿಯಾಗಿ ಬಂದರು.

ಅಲ್ಲಿ ಅವರಿಗೊಂದು ಇಕ್ಕಟ್ಟು ಎದುರಾಯಿತು. ಅಧ್ಯಾಪಕರು ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. ಅವರಲ್ಲಿ ಹಲವರು ಸ್ವತಃ ವಿದ್ಯಾಸಾಗರರ ಗುರುಗಳು. ಗುರುಗಳಿಗೆ ಶಿಷ್ಯನು ಬುದ್ಧಿ ಹೇಳುವುದೆಂತು? ಅವರು ಬೆಳಿಗ್ಗೆ ಬಾಗಿಲ ಬಳಿ ನಿಲ್ಲತೊಡಗಿದರು. ತಡವಾಗಿ ಬಂದವರನ್ನು ಈಗ ಬಂದಿರಾ ಎಂದು ವಿಚಾರಿಸುವರು, ಅಷ್ಟೇ. ತಮ್ಮ ಗುರುಗಳಾದರೆ ಅದನ್ನೂ ಕೇಳದೆ ಸುಮ್ಮನೆ ಕೈಮುಗಿಯುವರು. ಕೆಲವೇ ದಿನಗಳಲ್ಲಿ ಪಂಡಿತರೆಲ್ಲರೂ ಹೊತ್ತಿಗೆ ಬರಲಾರಂಭಿಸಿದರೆಂದು ಜೀವನಚರಿತ್ರಕಾರರು ಬರೆದಿದ್ದಾರೆ. ವಿದ್ಯಾರ್ಥಿಗಳಿಗೆ ಸಮಯಪಾಲನೆಯ ಪಾಠ ಹೇಳುವುದಕ್ಕೆ ಮುಂಚೆ ಅಧ್ಯಾಪಕರಿಂದ ಆರಂಭಿಸಿದ್ದು ಅವರ ವಿವೇಕ.

ಅದೇ ದಿನಗಳಲ್ಲಿ ಅವರು ಕೆಲಸದ ಮೇಲೆ ಹಿಂದೂ ಕಾಲೇಜಿನ ಪ್ರಿನ್ಸಿಪಾಲ್ ಕೆರ್ ಎಂಬ ಆಂಗ್ಲರನ್ನು ಕಾಣಲು ಹೋದರು. ಆ ಸಾಹೇಬರು ಬೂಟುಗಾಲುಗಳನ್ನು ಮೇಜಿನ ಮೇಲೆ ಚಾಚಿಕೊಂಡೇ ಮಾತನಾಡಿದರು, ಕುಳಿತುಕೊಳ್ಳಲೂ ಹೇಳಲಿಲ್ಲ. ವಿದ್ಯಾಸಾಗರರು ಏನೂ ಹೇಳದೆ ಕೆಲಸ ಮುಗಿಸಿ ಮರಳಿದರು. ಕೆಲವು ದಿನಗಳ ನಂತರ ಕೆರ್ ಸಾಹೇಬರು ಸಂಸ್ಕೃತ ಕಾಲೇಜಿಗೆ ಬರಬೇಕಾಯಿತು. ವಿದ್ಯಾಸಾಗರರು ಚಪ್ಪಲಿ ಮೆಟ್ಟಿದ ಕಾಲುಗಳನ್ನು ಮೇಜಿನ ಮೇಲಿಟ್ಟುಕೊಂಡೇ ಅವರೊಡನೆ ಮಾತನಾಡಿದರು. ದೂರು ಶಿಕ್ಷಣ ಮಂಡಳಿಯ ಕಾರ್ಯದರ್ಶಿ ಮೌಯಟ್ ಸಾಹೇಬರವರೆಗೆ ಹೋಯಿತು. ವಿವರಣೆ ಕೇಳಲಾಗಿ ವಿದ್ಯಾಸಾಗರರು, ನಾಗರಿಕ ಜನಾಂಗದವರು ಅತಿಥಿಗಳನ್ನು ಹೀಗೆಯೇ ಬರಮಾಡಿಕೊಳ್ಳುವರೆಂದು ತಾವು ಕೆರ್ ಸಾಹೇಬರಿಂದಲೇ ಕಲಿತದ್ದಾಗಿಯೂ, ಕಲಿತಂತೆ ನಡೆದುಕೊಂಡದ್ದಾಗಿಯೂ ತಿಳಿಸಿದರು. ಇದನ್ನು ಮಕ್ಕಳಿಗೆ ಹೇಳುವಾಗ ಸ್ವಲ್ಪ ಎಚ್ಚರ ಬೇಕು, ಮುಯ್ಯಿಗೆ ಮುಯ್ಯಿ ಎಂದು ಅವರು ತಿಳಿದಾರು. ಕೆರ್ ಸಾಹೇಬರು ಅವಮಾನಿಸಿದ್ದು ಒಬ್ಬ ಪಂಡಿತನನ್ನಲ್ಲ, ಅಧಿಕಾರವಿಲ್ಲದವರಿಗೆ ಮರ್ಯಾದೆ ಬೇಕಿಲ್ಲವೆಂಬ ಭಾವನೆ ಆ ಬೂಟುಗಳಲ್ಲಿತ್ತು. ವಿದ್ಯಾಸಾಗರರು ತಮಗಿಂತ ಕೆಳಗಿನವರೊಡನೆ ಎಂದೂ ಹೀಗೆ ನಡೆದುಕೊಂಡವರಲ್ಲ.

ಮೇಲಧಿಕಾರಿಯೊಡನೆ ಭಿನ್ನಾಭಿಪ್ರಾಯ ಬಂದು 1847ರಲ್ಲಿ ಕೆಲಸ ಬಿಟ್ಟರು. ಹೊಟ್ಟೆಗೇನು ಮಾಡುವಿರಿ ಎಂದವರಿಗೆ, ಆಲೂಗೆಡ್ಡೆ ತರಕಾರಿ ಮಾರುವೆನೆಂದರಂತೆ. 1851ರಲ್ಲಿ ಅದೇ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಬಂದರು. ಅಲ್ಲಿಯವರೆಗೆ ಬ್ರಾಹ್ಮಣ ಮತ್ತು ವೈದ್ಯ ಜಾತಿಯ ಹುಡುಗರಿಗೆ ಮಾತ್ರ ತೆರೆದಿದ್ದ ಬಾಗಿಲನ್ನು ಮೊದಲು ಕಾಯಸ್ಥರಿಗೆ, 1854ರಲ್ಲಿ ಇತರ ಗೌರವಸ್ಥ ಹಿಂದೂ ಮನೆತನಗಳವರಿಗೆ ತೆರೆಸಿದರು. ಆ ಗೌರವಸ್ಥ ಎಂಬ ಶಬ್ದದಲ್ಲಿ ಬಹುಜನರು ಹೊರಗೇ ಉಳಿದರೆಂಬುದನ್ನೂ ಹೇಳಬೇಕು. ಅವರ ಕಾಲದಲ್ಲಿ ಅದು ದೊಡ್ಡ ಹೆಜ್ಜೆ, ಆದರೆ ಪೂರ್ಣ ಹೆಜ್ಜೆಯಲ್ಲ. ಪಾಡ್ಯ ಅಷ್ಟಮಿಗಳ ರಜೆಯನ್ನು ತೆಗೆದು ಭಾನುವಾರದ ರಜೆಯನ್ನು ತಂದವರೂ ಅವರೇ.

1855ರಲ್ಲಿ ಎಳೆಯ ಮಕ್ಕಳಿಗಾಗಿ ವರ್ಣಪರಿಚಯ ಎಂಬ ಎರಡು ಭಾಗಗಳ ಪುಟ್ಟ ಪುಸ್ತಕ ಬರೆದರು. ತಲೆಮಾರುಗಳಿಂದ ಬಂಗಾಳಿ ಮಕ್ಕಳು ಅಕ್ಷರ ಕಲಿಯುತ್ತಿರುವುದು ಅದರಿಂದಲೇ. ಅಕ್ಷರ, ಗುಣಿತಗಳು ಮುಗಿದ ಮೇಲೆ ಅದರಲ್ಲಿ ಇಬ್ಬರು ಹುಡುಗರು ಬರುತ್ತಾರೆ. ಗೋಪಾಲನು ಮನೆಯಲ್ಲಿ ಕೊಟ್ಟದ್ದನ್ನು ಉಂಡು, ಕೊಟ್ಟದ್ದನ್ನು ಉಟ್ಟು, ತಮ್ಮ ತಂಗಿಯರನ್ನು ಪ್ರೀತಿಸಿ, ದಾರಿಯಲ್ಲಿ ಆಟಕ್ಕೆ ನಿಲ್ಲದೆ ಶಾಲೆಗೆ ಹೋಗಿ, ಗುರುಗಳು ಹೇಳುವುದನ್ನು ಗಮನವಿಟ್ಟು ಕೇಳುವವನು. ಬಿಡುವಿನ ವೇಳೆಯಲ್ಲಿ ಅವನೂ ಆಡುತ್ತಾನೆ, ಜಗಳ ಮಾತ್ರ ಆಡುವುದಿಲ್ಲ. ರಾಖಾಲನು ಇದೆಲ್ಲದಕ್ಕೂ ವಿರುದ್ಧ. ದಾರಿಯಲ್ಲಿ ಆಡುತ್ತ ತಡವಾಗಿ ಹೋಗುತ್ತಾನೆ, ಪಾಠ ಕೇಳುವುದಿಲ್ಲ, ಎಲ್ಲರೊಡನೆ ಕಾದಾಡುತ್ತಾನೆ. ಎರಡನೆಯ ಭಾಗದಲ್ಲಿ ಭುವನನೆಂಬ ಹುಡುಗನ ಕಥೆಯಿದೆ. ಸಹಪಾಠಿಯ ಪುಸ್ತಕ ಕದ್ದು ತಂದಾಗ ಸಾಕಿದ ಹೆಂಗಸು ತಡೆಯಲಿಲ್ಲ. ಕಳ್ಳತನ ಬೆಳೆದು ಅವನು ಗಲ್ಲಿಗೇರುವ ಹೊತ್ತಿನಲ್ಲಿ ಗುಟ್ಟು ಹೇಳುವ ನೆಪದಿಂದ ಅವಳ ಕಿವಿಯನ್ನೇ ಕಚ್ಚಿ ತೆಗೆಯುತ್ತಾನೆ. ಮಕ್ಕಳ ಪುಸ್ತಕಕ್ಕೆ ಕಠೋರವಾದ ಕಥೆಯೇ ಸರಿ. ಆದರೆ ಅದರ ಗುರಿ ಹುಡುಗನಿಗಿಂತ ಹೆಚ್ಚಾಗಿ ಮನೆಯ ಹಿರಿಯರು.

ಇದರಲ್ಲಿ ಒಂದು ಸ್ವಾರಸ್ಯವಿದೆ. ಗೋಪಾಲನನ್ನು ಸೃಷ್ಟಿಸಿದ ವಿದ್ಯಾಸಾಗರರು ಸ್ವತಃ ಬಾಲ್ಯದಲ್ಲಿ ರಾಖಾಲನನ್ನೇ ಹೆಚ್ಚಾಗಿ ಹೋಲುತ್ತಿದ್ದರೆಂದು ರವೀಂದ್ರನಾಥ ಠಾಕೂರರು ಅವರ ಕುರಿತಾದ ಲೇಖನದಲ್ಲಿ ಗುರುತಿಸಿದ್ದಾರೆ. ವಂಗದೇಶದಲ್ಲಿ ಗೋಪಾಲರಿಗೆ ಕೊರತೆಯಿಲ್ಲ, ಈಶ್ವರಚಂದ್ರರಂಥ ಹಟವಾದಿಗಳು ಇನ್ನಷ್ಟು ಹುಟ್ಟಬೇಕೆಂಬುದು ಅವರ ಆಶಯವಾಗಿತ್ತು.

ಸರ್ಕಾರದ ಶಾಲಾ ಪರೀಕ್ಷಕರೂ ಆಗಿ ಅವರು ನಾಲ್ಕು ಜಿಲ್ಲೆಗಳಲ್ಲಿ ಇಪ್ಪತ್ತು ಮಾದರಿ ಶಾಲೆಗಳನ್ನು, ಅಧ್ಯಾಪಕರ ತರಬೇತಿಗೆ ನಾರ್ಮಲ್ ಸ್ಕೂಲನ್ನು ಸ್ಥಾಪಿಸಿದರು. 1857ರ ನವೆಂಬರ್‌ನಿಂದ 1858ರ ಮೇ ತಿಂಗಳೊಳಗೆ 35 ಬಾಲಿಕಾ ಶಾಲೆಗಳು ಅವರಿಂದ ತೆರೆದವು. ಸರ್ಕಾರ ಹಣ ಕೊಡಲು ಹಿಂದೆಗೆಯಿತು. ಅದೇ ವರ್ಷ ಅವರು ಸರ್ಕಾರಿ ಸೇವೆಯನ್ನೇ ಬಿಟ್ಟರು. ಬೆಥೂನ್ ಬಾಲಿಕಾ ಶಾಲೆಯ ಕಾರ್ಯದರ್ಶಿಯಾಗಿದ್ದಾಗ, ಮಗಳನ್ನೂ ಮಗನಷ್ಟೇ ಯತ್ನದಿಂದ ಸಾಕಿ ಓದಿಸಬೇಕೆಂಬ ಅರ್ಥದ ಸಂಸ್ಕೃತ ಶ್ಲೋಕವನ್ನು ಶಾಲೆಯ ಗಾಡಿಯ ಮೇಲೆ ಬರೆಸಿದ್ದರು. ಆ ಗಾಡಿ ಬೀದಿಯಲ್ಲಿ ಹೋಗುವಾಗ ಮೂದಲಿಸುವವರು ಕಡಮೆಯಿರಲಿಲ್ಲ.

ಆಮೇಲೆ ಅವರ ಕೈಗೆ ಬಂದದ್ದು ಮೆಟ್ರೊಪಾಲಿಟನ್ ಇನ್‌ಸ್ಟಿಟ್ಯೂಷನ್. 1872ರಲ್ಲಿ ಅದು ಕಾಲೇಜಾಯಿತು. ಭಾರತೀಯರೇ ನಡೆಸಿ, ಭಾರತೀಯರೇ ಕಲಿಸಿ, ಸರ್ಕಾರದ ಕಾಲೇಜುಗಳಿಗೆ ಸರಿಸಮನಾದ ಫಲಿತಾಂಶ ತಂದ ಸಂಸ್ಥೆಯದು. ಅಲ್ಲಿ ವಿದ್ಯಾರ್ಥಿಗಳನ್ನು ಹೊಡೆಯಕೂಡದೆಂದು ಅವರು ಕಟ್ಟಪ್ಪಣೆ ಮಾಡಿದರು. ಬೆತ್ತವಿಲ್ಲದೆ ಶಾಲೆ ನಡೆಯುವುದೆಂದು ಯಾರೂ ನಂಬದಿದ್ದ ಕಾಲವದು. ವಿದ್ಯಾರ್ಥಿಯ ವಿನಯ ಭಯದಿಂದ ಹುಟ್ಟಿದರೆ ಗುರು ಮರೆಯಾದೊಡನೆ ಅದೂ ಮರೆಯಾಗುತ್ತದೆ ಎಂಬುದನ್ನು ಪೆಟ್ಟು ತಿಂದು ಬೆಳೆದ ಅವರು ಬಲ್ಲವರಾಗಿದ್ದರು.

ಕನ್ನಡ ನಾಡಿಗೂ ಅವರಿಗೂ ಒಂದು ನಂಟು ಇದೆ. ಶೇಕ್ಸ್‌ಪಿಯರನ ನಾಟಕವೊಂದನ್ನು ಆಧರಿಸಿ ಅವರು ಬರೆದ ಭ್ರಾಂತಿವಿಲಾಸವನ್ನು ಬಿ. ವೆಂಕಟಾಚಾರ್ಯರು ಕನ್ನಡಿಸಿದರು. ಬಂಗಾಳಿ ಕಾದಂಬರಿಗಳನ್ನು ಕನ್ನಡಿಗರಿಗೆ ಉಣಬಡಿಸಿದ ಆ ಹಿರಿಯರ ಬರವಣಿಗೆ ಆರಂಭವಾದ ಕಾಲದಲ್ಲಿ ವಿದ್ಯಾಸಾಗರರು ಇನ್ನೂ ಬದುಕಿದ್ದರು.

ಉಡಿಗೆ ಎಂದೂ ಬದಲಾಗಲಿಲ್ಲ. ಒಂದು ಧೋತರ, ಒಂದು ಹೊದಿಕೆ, ಊರಲ್ಲೇ ಹೊಲಿದ ಚಪ್ಪಲಿ. 1874ರ ಜನವರಿಯಲ್ಲಿ ಕಲ್ಕತ್ತಾದ ವಸ್ತುಸಂಗ್ರಹಾಲಯವಿದ್ದ ಏಷ್ಯಾಟಿಕ್ ಸೊಸೈಟಿಯ ಕಟ್ಟಡಕ್ಕೆ ಹೋದಾಗ ಕಾವಲುಗಾರನು ಚಪ್ಪಲಿ ಕಳಚಿ ಬರಲು ಹೇಳಿದನು. ಇಂಗ್ಲಿಷ್ ಬೂಟು ತೊಟ್ಟವರನ್ನು ತಡೆಯುವವರಿರಲಿಲ್ಲ. ವಿದ್ಯಾಸಾಗರರು ಆ ಬಡ ಕಾವಲುಗಾರನೊಡನೆ ವಾದಿಸದೆ ಹಿಂತಿರುಗಿದರು. ಮನೆಗೆ ಬಂದು ಸಂಸ್ಥೆಯ ಅಧಿಕಾರಿಗಳಿಗೆ ಪತ್ರ ಬರೆದು, ಈ ಭೇದವೇಕೆಂದು ಕೇಳಿದರು. ಸರಿಯಾದ ಉತ್ತರ ದೊರೆಯಲಿಲ್ಲ. ಅವರು ಮತ್ತೆ ಅತ್ತ ಹೋಗಲಿಲ್ಲ.

ಕೊನೆಯ ವರ್ಷಗಳಲ್ಲಿ ಮನೆಯವರೊಡನೆಯೂ ಮನಸ್ತಾಪಗಳಾಗಿ, ಮಗನ ನಡತೆಗೆ ನೊಂದು ಉಯಿಲಿನಲ್ಲಿ ಅವನನ್ನು ಕೈಬಿಟ್ಟರು. ನಗರದ ಸಂಗ ಸಾಕೆನಿಸಿ, ಈಗಿನ ಝಾರ್ಖಂಡದಲ್ಲಿರುವ ಕರ್ಮಾಟಾಡ್ ಎಂಬಲ್ಲಿ ಸಂತಾಲರ ನಡುವೆ ಮನೆ ಮಾಡಿಕೊಂಡರು. ಅಲ್ಲಿ ಶಾಲೆ ತೆರೆದರು, ಹೋಮಿಯೋಪಥಿ ಔಷಧಿ ಹಂಚಿದರು. ಆ ರೈಲುನಿಲ್ದಾಣದಲ್ಲಿ ಕೂಲಿಗಾಗಿ ಕೂಗಿದ ಯುವಕನೊಬ್ಬನ ಪೆಟ್ಟಿಗೆಯನ್ನು ಅವರೇ ಹೊತ್ತು ಸಾಗಿಸಿದರೆಂಬ ಕಥೆಯನ್ನು ಶಾಲೆಯ ಮಕ್ಕಳು ಕೇಳಿರುತ್ತಾರೆ. ಅದು ಕಥೆಯಾಗಿದ್ದರೂ ಇರಲಿ. ಪಂಡಿತ ಹರಪ್ರಸಾದ ಶಾಸ್ತ್ರಿಗಳು ಕಣ್ಣಾರೆ ಕಂಡು ಬರೆದಿಟ್ಟದ್ದು ಬೇರೊಂದಿದೆ. ಬೆಳಿಗ್ಗೆ ಸಂತಾಲರು ಮೆಕ್ಕೆಜೋಳದ ತೆನೆಗಳನ್ನು ತಂದು ಹಣ ಬೇಕೆಂದು ಕೇಳುವರು. ವಿದ್ಯಾಸಾಗರರು ಅವರು ಹೇಳಿದ ಬೆಲೆಗೇ, ಚೌಕಾಸಿ ಮಾಡದೆ, ತಂದದ್ದನ್ನೆಲ್ಲ ಕೊಂಡು ಒಳಗೆ ಒಟ್ಟಿಸುವರು. ಇಷ್ಟೊಂದು ತೆನೆ ಇವರಿಗೇಕೆಂದು ಶಾಸ್ತ್ರಿಗಳಿಗೆ ಅಚ್ಚರಿ. ಹೊತ್ತು ಏರಿದ ಮೇಲೆ ದುಡಿದು ದಣಿದ ಸಂತಾಲರ ಗುಂಪು ಬಂದು ಹಸಿವೆಂದಿತು. ವಿದ್ಯಾಸಾಗರರು ಅದೇ ತೆನೆಗಳನ್ನು ಅವರಿಗೆ ಹಂಚಿದರು. ಅವರು ಅಂಗಳದಲ್ಲಿ ಬೆಂಕಿ ಮಾಡಿ ಸುಟ್ಟುಕೊಂಡು ತಿಂದರು.

1891ರ ಜುಲೈ 29ರಂದು ಕಲ್ಕತ್ತಾದಲ್ಲಿ ಅವರು ಕಣ್ಮುಚ್ಚಿದರು. ಅವರ ಮೆಟ್ರೊಪಾಲಿಟನ್ ಕಾಲೇಜಿಗೆ ಈಗ ವಿದ್ಯಾಸಾಗರ ಕಾಲೇಜೆಂದು ಹೆಸರು. ಕರ್ಮಾಟಾಡ್‌ನ ರೈಲುನಿಲ್ದಾಣಕ್ಕೂ ಅವರದೇ ಹೆಸರಿಟ್ಟಿದ್ದಾರೆ.